ಬಾಟಲಿ ಪುಕ್ಕಟೆ, ದುಡ್ಡೆಲ್ಲ ಬೂಚಿಗೆ

ಹಳೇ ಬಾಟಲಿಯಲ್ಲಿ ಹಮ್ಮಿಂಗ್‌ಬರ್ಡ್ ಫೀಡರ್, ಅಂದ್ರೆ ಆ ಪುಟಾಣಿ ಹಕ್ಕಿಗೆ ಸಕ್ಕರೆ ನೀರು ಕುಡಿಸೋ ನೇತಾಡೋ ಬಾಟಲಿ, ಮಾಡಿ ಮಾರ್ತೀನಿ ಅಂತ ಹೇಳಿದ್ರೆ ಸಾಕು, ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದ ನಮ್ಮ ಕನ್ನಡದವರಲ್ಲೇ ಯಾರಾದ್ರೂ ಒಬ್ರು ಫೋನ್ ತೆಗೆದು ಫೋಟೋ ತೋರಿಸ್ತಾರೆ, ನೀಲಿ ಜಿನ್ ಬಾಟಲಿ, ಸುತ್ತ ತಾಮ್ರದ ತಂತಿ, ತಂತಿಗೆ ಮಣಿ, ನಾನೂ ಮಾಡಿದೀನಿ ನೋಡಿ, ಮಾರಬಹುದಾ ಅಂತ. ನೋಡೋಕೆ ಚೆನ್ನಾಗೇ ಇರತ್ತೆ. ನಾನು ಎರಡೇ ಪ್ರಶ್ನೆ ಕೇಳ್ತೀನಿ. ಇದನ್ನ ತೊಳೆಯೋದು ಹೆಂಗೆ? ಮಧ್ಯಾಹ್ನದ ಬಿಸಿಲಲ್ಲಿ ಸೋರತ್ತಾ? ಹೆಚ್ಚಿನವರು ಎರಡನ್ನೂ ಯೋಚನೆ ಮಾಡಿರಲ್ಲ.

ಊರಿಂದ ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ, ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ನಿಮ್ಮನೆ ದಾಸವಾಳಕ್ಕೆ ಬರೋದು ಸೂರಕ್ಕಿ, ಅದರ ಕುಟುಂಬಾನೇ ಬೇರೆ, ಹಾಗಾಗಿ ಈ ವ್ಯಾಪಾರ ಅಲ್ಲಿಗಲ್ಲ. ಕ್ಯಾಲಿಫೋರ್ನಿಯಾ ಕರಾವಳಿ ಕಡೆ ಮಾತ್ರ ಅದೃಷ್ಟ, ಆನಾಸ್ ಹಮ್ಮಿಂಗ್‌ಬರ್ಡ್ ಅನ್ನೋದು ವರ್ಷಪೂರ್ತಿ ಇಲ್ಲೇ ಇರತ್ತೆ, ಚಳಿಗಾಲದಲ್ಲೂ ಫೀಡರ್‌ಗೆ ಬರತ್ತೆ, ಅದಕ್ಕೇ ನಮ್ಮ ವ್ಯಾಪಾರಕ್ಕೆ ಪೂರ್ತಿ ಮುಚ್ಚೋ ಸೀಸನ್ ಅಂತ ಇಲ್ಲ. ಕ್ರಿಸ್‌ಮಸ್ಸು, ಆಮೇಲೆ ಮೇ ತಿಂಗಳ ಮದರ್ಸ್ ಡೇ, ಇವೆರಡೇ ದೊಡ್ಡ ಸಂತೆ.

ಈಗ ಬೂಚಿನ ವಿಷಯ. ಬಾಟಲಿ ಫೀಡರ್ ತಲೆಕೆಳಗಾಗಿ ನೇತಾಡತ್ತೆ, ಬಾಯಿಗೆ ರಬ್ಬರ್ ಬೂಚು, ಅದರೊಳಗಿಂದ ಸ್ವಲ್ಪ ಬಗ್ಗಿಸಿದ ಸ್ಟೀಲ್ ಕೊಳವೆ, ಹಕ್ಕಿ ಅದರ ತುದಿಗೆ ಕೊಕ್ಕು ಇಡೋದು. ವಾಟರ್ ಡಿಸ್ಪೆನ್ಸರ್ ಮೇಲೆ ಕ್ಯಾನ್ ಕವುಚಿಟ್ಟ ಹಾಗೇನೇ ಇದೂ, ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಮ್ಮಿ ಇರೋವರೆಗೆ ನೀರು ಕೆಳಗೆ ಬರಲ್ಲ. ಕೊಳವೆ ತುದಿಯಲ್ಲಿ ಒಂದು ಹನಿ ಉಬ್ಬಿಕೊಂಡು ನಿಂತಿರತ್ತೆ, ಬೀಳಲ್ಲ, ಅದು ಸರಿಯಾಗಿ ಕೂತ ಫೀಡರ್. ಬೂಚಿನ ಪಕ್ಕ ಕೂದಲೆಳೆಯಷ್ಟು ಸಂದು ಇದ್ರೂ ಗಾಳಿ ಒಳಗೆ ಹೋಗತ್ತೆ, ಹನಿ ತೊಟ್ಟಿಕ್ಕೋಕೆ ಶುರು, ಕೆಳಗೆ ಇರುವೆ ಜಾತ್ರೆ. ಬೂಚು ಗಟ್ಟಿಯಾಗಿದ್ರೂ ಬಿಸಿಲಿಗೆ ಬಾಟಲಿಯೊಳಗಿನ ಗಾಳಿ ಹಿಗ್ಗಿ ನೀರನ್ನ ದೂಡತ್ತೆ, ಅರ್ಧ ಖಾಲಿ ಬಾಟಲಿಯಲ್ಲಿ ಗಾಳಿ ಜಾಸ್ತಿ ಇರೋದ್ರಿಂದ ಸೋರೋದೂ ಜಾಸ್ತಿ. ಅದಕ್ಕೇ ಪ್ರತಿ ಪೀಸನ್ನೂ ಅರ್ಧ ನೀರು ಹಾಕಿ ಕೆಳಗೆ ಒಣ ಕಾಗದ ಇಟ್ಟು ಬಿಸಿಲಲ್ಲಿ ನೇತುಹಾಕಿ ನೋಡ್ತೀನಿ, ತುಂಬಿದ ಬಾಟಲಿಯಲ್ಲಿ ಟೆಸ್ಟ್ ಮಾಡಿದ್ರೆ ಎಲ್ಲಾನೂ ಪಾಸ್ ಆಗತ್ತೆ, ಅದು ಟೆಸ್ಟ್ ಅಲ್ಲ. ಎರಡು ಮೂರು ಹನಿ ಬಿದ್ರೆ ನೆರಳಲ್ಲಿ ಹಾಕಿ ಅಂತ ಚೀಟಿ ಬರೀಬಹುದು, ಕಾಗದ ಪೂರ್ತಿ ನೆಂದ್ರೆ ಬೂಚು ಬದಲಾಯಿಸಲೇಬೇಕು.

ವೈನ್ ಬಾಟಲಿ ಹೆಚ್ಚು ಬಳಸೋದಕ್ಕೆ ಕಾರಣವೂ ಇದೇ, ಕಾರ್ಕ್ ಹಾಕೋ ವೈನ್ ಬಾಟಲಿಯ ಕತ್ತು ಒಳಗೆ ಸುಮಾರು 18.5 ಮಿಲಿಮೀಟರ್, ಎಲ್ಲಾ ಕಂಪನಿದೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಒಂದೇ ಸೈಜಿನ ಬೂಚನ್ನ ಹೋಲ್‌ಸೇಲಲ್ಲಿ ತಂದಿಡಬಹುದು. ಟಕೀಲಾ ಬಾಟಲಿಗಳು ನೋಡೋಕೆ ಸೊಗಸು, ಆದ್ರೆ ಒಂದೊಂದರ ಕತ್ತು ಒಂದೊಂದು ಥರ. ಹಾಗಂತ 750 ಎಂಎಲ್ ಬಾಟಲಿ ನನಗೆ ಇಷ್ಟ ಇಲ್ಲ. ಹಕ್ಕಿಯ ತೂಕವೇ ನಾಲ್ಕು ಗ್ರಾಂ ಆಸುಪಾಸು, ಒಂದು ಮನೆಗೆ ಬರೋ ಹಕ್ಕಿಗಳು ಅಷ್ಟನ್ನ ಖಾಲಿ ಮಾಡೋಷ್ಟರಲ್ಲಿ ಸಕ್ಕರೆ ನೀರು ಹುಳಿ ಬಂದಿರತ್ತೆ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಚೆಲ್ಲಿ ತೊಳೀಬೇಕು. 375 ಎಂಎಲ್ ಹಾಫ್ ಬಾಟಲಿ ಸಿಕ್ರೆ ಬಿಡಬೇಡಿ. ಬಣ್ಣವೂ ಅಷ್ಟೇ, ಕಡು ಹಸಿರು ಗಾಜಲ್ಲಿ ನೀರು ಎಷ್ಟಿದೆ ಅಂತಾನೂ ಕಾಣಲ್ಲ, ಒಳಗೆ ಕಪ್ಪು ಬೂಷ್ಟು ಹಿಡಿದಿದ್ರೂ ಕಾಣಲ್ಲ. ಗಿರಾಕಿ ಹಸಿರೇ ಕೇಳ್ತಾರೆ, ನಾನು ತಿಳಿ ಗಾಜೇ ಮುಂದೆ ಇಡ್ತೀನಿ.

ಒಳಗೆ ಹಾಕೋದು ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು, ಮುಗೀತು. ನಮ್ಮವರು ಕೇಳೇ ಕೇಳ್ತಾರೆ, ಬೆಲ್ಲ ಹಾಕಬಹುದಾ, ಜೇನು ಒಳ್ಳೇದಲ್ವಾ ಅಂತ. ಎರಡೂ ಬೇಡ, ಬೆಲ್ಲದಲ್ಲಿರೋ ಕಬ್ಬಿಣದ ಅಂಶ ಆ ಹಕ್ಕಿಗೆ ಆಗಿಬರಲ್ಲ, ಜೇನಿಗೆ ನೀರು ಬೆರೆಸಿದ್ರೆ ಬೇಗ ಬೂಷ್ಟು. ಕೆಂಪು ಬಣ್ಣವೂ ನೀರಿಗೆ ಬೇಡ, ಕೊಳವೆ ತುದಿಯಲ್ಲಿ ಒಂದು ಕೆಂಪು ಮಣಿ ಇದ್ರೆ ಹಕ್ಕಿ ಹುಡುಕಿಕೊಂಡು ಬರತ್ತೆ. ಹಳದಿ ಹೂವು ಅಂಟಿಸಬೇಡಿ, ಜೇನುನೊಣ ಮುತ್ತಿಕೊಳ್ಳತ್ತೆ. ತೊಳೆಯೋಕೆ ನಾನು ಹೇಳಿಕೊಡೋದು ನಮ್ಮ ಅಡುಗೆಮನೆ ಉಪಾಯ, ಒಂದು ಹಿಡಿ ಅಕ್ಕಿ, ಬಿಸಿನೀರು, ಸ್ವಲ್ಪ ವಿನೆಗರ್, ಚೆನ್ನಾಗಿ ಕುಲುಕಿ ಚೆಲ್ಲಿ, ಆಮೇಲೆ ಬರೀ ನೀರಲ್ಲಿ ಜಾಲಿಸಿ. ಕೊಳವೆಗೆ ಬೇರೆ ಸಣ್ಣ ಬ್ರಷ್ ಬೇಕು, ಅದನ್ನ ನಾನೇ ಪ್ಯಾಕೆಟ್ ಒಳಗೆ ಹಾಕ್ತೀನಿ. ಅಮೆರಿಕನ್ ಗಿರಾಕಿಗಳಿಗೂ ಅಕ್ಕಿ ಐಡಿಯಾ ಭಾರೀ ಖುಷಿ.

ಬಾಟಲಿ ಪುಕ್ಕಟೆ ಅಂದ್ನಲ್ಲ, ಅದೂ ಪೂರ್ತಿ ನಿಜ ಅಲ್ಲ. 2024ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ವೈನ್, ಲಿಕ್ಕರ್ ಬಾಟಲಿಗೂ ಡೆಪಾಸಿಟ್ ಬಂದಿದೆ, ಅಂದ್ರೆ ಖಾಲಿ ಬಾಟಲಿ ವಾಪಸ್ ಕೊಟ್ರೆ ಸಿಗೋ ದುಡ್ಡು, 750 ಎಂಎಲ್ ಬಾಟಲಿಗೆ 10 ಸೆಂಟ್, ಚಿಕ್ಕದಕ್ಕೆ 5. ರೆಸ್ಟೋರೆಂಟ್‌ನವರು ಎತ್ತಿಡ್ತೀವಿ ಅಂದ್ರೆ ಆ ಸೆಂಟ್ ಲೆಕ್ಕ ಕೊಟ್ಟುಬಿಡಿ, ಮುಂದಿನ ಸಲ ನಗುನಗುತ್ತಾ ಕೊಡ್ತಾರೆ. ಮನೆಗಳ ಮುಂದೆ ಇಟ್ಟಿರೋ ರೀಸೈಕಲ್ ಬಿನ್‌ಗೆ ಮಾತ್ರ ಕೈ ಹಾಕಬೇಡಿ, ಅದು ಇಲ್ಲಿ ಕಾನೂನಿಗೆ ವಿರುದ್ಧ. ತಾಮ್ರದ ತಂತಿ ಎಲೆಕ್ಟ್ರಿಷಿಯನ್‌ಗಳ ಹತ್ರ ಸಿಗೋ ತುಂಡು ಕೇಬಲ್‌ದು, ಮೇಲಿನ ಪ್ಲಾಸ್ಟಿಕ್ ಸುಲಿದು ಬಳಸೋದು, ಸುಡೋದಲ್ಲ. ತಂತಿ ಬಾಟಲಿ ಹೊರಗೇ ಇರಲಿ, ಸಕ್ಕರೆ ನೀರಿಗೆ ತಾಗಬಾರದು, ಬೆಸುಗೆ ಹಾಕಿದ್ರೆ ಸೀಸ ಇಲ್ಲದ್ದು. ಹಳೇ ಕ್ರಿಸ್ಟಲ್ ಡಿಕ್ಯಾಂಟರ್‌ಗಳಲ್ಲೂ ಸೀಸ ಇರತ್ತೆ, ಎಷ್ಟೇ ಚೆಂದ ಕಂಡ್ರೂ ಬಿಟ್ಟುಬಿಡಿ. ಇನ್ನೊಂದು, ಅಲಂಕಾರಕ್ಕೆ ಅಂತ ಬಿದ್ದಿರೋ ಗರಿ, ಖಾಲಿ ಗೂಡು ಅಂಟಿಸೋರಿದ್ದಾರೆ, 1918ರ ಮೈಗ್ರೇಟರಿ ಬರ್ಡ್ ಟ್ರೀಟಿ ಆಕ್ಟ್ ಅನ್ನೋ ಹಕ್ಕಿ ರಕ್ಷಣೆ ಕಾನೂನಿನ ಪ್ರಕಾರ ಇಲ್ಲಿನ ಹೆಚ್ಚಿನ ಕಾಡುಹಕ್ಕಿಗಳ ಗರಿ, ಗೂಡು ಇಟ್ಟುಕೊಳ್ಳೋದೇ ತಪ್ಪು, ಮಾರೋದಂತೂ ದೂರದ ಮಾತು.

ರೇಟ್ ಹಾಕೋವಾಗ ಜನ ಬಾಟಲಿ ಫ್ರೀ ಅಂತ ಶುರು ಮಾಡಿ ಹದಿನೈದು ಡಾಲರ್‌ಗೆ ಕೊಟ್ಟುಬಿಡ್ತಾರೆ. ಕೈಯಲ್ಲಿ ಮಾಡಿದ ವಸ್ತು ಮಾರೋ ಎಟ್ಸಿ ವೆಬ್‌ಸೈಟಲ್ಲಿ 30 ಡಾಲರ್‌ಗೆ ಹಾಕಿದ್ರೆ 6.5 ಪರ್ಸೆಂಟ್ ಅವರ ಫೀ, ಲಿಸ್ಟಿಂಗ್‌ಗೆ 20 ಸೆಂಟ್, ಪೇಮೆಂಟ್‌ಗೆ 3 ಪರ್ಸೆಂಟ್ ಪ್ಲಸ್ 25 ಸೆಂಟ್, ಒಟ್ಟು 3 ಡಾಲರ್ 30 ಸೆಂಟ್ ಅಲ್ಲೇ ಹೋಯ್ತು, ಶಿಪ್ಪಿಂಗ್ ದುಡ್ಡಿನ ಮೇಲೂ ಫೀ ಇದೆ. ಬೂಚು, ಕೊಳವೆ, ಬ್ರಷ್, ಗಾಜು ಒಡೆಯದ ಹಾಗೆ ಡಬಲ್ ಡಬ್ಬಿ. ಲೇಬಲ್ ಕೀಳೋದು, ತಂತಿ ಸುತ್ತೋದು ಸೇರಿಸಿ ಒಂದು ಗಂಟೆ ಹಿಡೀತು ಅಂದ್ರೆ, 2025ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ಕನಿಷ್ಠ ಕೂಲಿನೇ ಗಂಟೆಗೆ 16.50 ಡಾಲರ್ ಇತ್ತು, ಲೆಕ್ಕ ನೀವೇ ಹಾಕ್ಕೊಳ್ಳಿ. ಅದಕ್ಕೇ ಮೊದಮೊದಲು ಹತ್ತಿರದ ಕ್ರಾಫ್ಟ್ ಫೇರ್‌ಗಳೇ ವಾಸಿ. ಸೆಲ್ಲರ್ಸ್ ಪರ್ಮಿಟ್ ಬೇಕು, ರಾಜ್ಯದವರು ಅದಕ್ಕೆ ಫೀ ತಗೊಳ್ಳಲ್ಲ, ಸೇಲ್ಸ್ ಟ್ಯಾಕ್ಸ್ ಮಾತ್ರ ಸರಿಯಾಗಿ ಕಟ್ಟಬೇಕು.

ಮಾರಾಟದ ಟೇಬಲ್ ಮೇಲೆ ಬೂಚು-ಕೊಳವೆ ಸೆಟ್ಟನ್ನ ಬಿಡಿಯಾಗೂ ಇಡಿ. ರಬ್ಬರ್ ಬಿಸಿಲಿಗೆ ಬಿರುಕು ಬಿಡತ್ತೆ, ತಗೊಂಡೋರು ಆಮೇಲೆ ಬಂದು ಅದನ್ನೇ ಕೇಳ್ತಾರೆ, ಕೇಳೋಕೆ ಬಂದೋರು ಪಕ್ಕದ ಮನೆಯವರಿಗೆ ಅಂತ ಇನ್ನೊಂದು ಫೀಡರೂ ತಗೊಂಡು ಹೋಗ್ತಾರೆ.