ಟ್ರಿಪ್ ಆಗಬೇಕಾದಾಗ ಆಗದಿದ್ದರೆ: ಸೇಫ್ಟಿ ಪಿಎಲ್‌ಸಿಯನ್ನು ಸೈಬರ್ ದಾಳಿಯಿಂದ ಕಾಯುವುದು

ಪಿಎಲ್‌ಸಿ ಎಂದರೆ ಕಾರ್ಖಾನೆಯ ಯಂತ್ರ ನಡೆಸುವ ಕಂಪ್ಯೂಟರ್. ಅಪಾಯ ಬಂದಾಗ ಯಂತ್ರ ನಿಲ್ಲಿಸುವುದಕ್ಕೆಂದೇ ಇಟ್ಟದ್ದು ಸೇಫ್ಟಿ ಪಿಎಲ್‌ಸಿ, ಹಾಗೆ ನಿಲ್ಲಿಸುವುದೇ ಟ್ರಿಪ್. ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಸುರಕ್ಷತೆ, ಭದ್ರತೆ ಎರಡನ್ನೂ ನಾವು ಒಂದೇ ಉಸಿರಲ್ಲಿ ಹೇಳಿಬಿಡುತ್ತೇವೆ. ಈ ಟಿಪ್ಪಣಿಯಲ್ಲಿ ಸುರಕ್ಷತೆ ಎಂದರೆ ಯಂತ್ರದಿಂದ ಮನುಷ್ಯನನ್ನು ಕಾಯುವುದು, ಭದ್ರತೆ ಎಂದರೆ ಮನುಷ್ಯನಿಂದ ಯಂತ್ರವನ್ನು ಕಾಯುವುದು. ಐಇಸಿ 61511 ಸುರಕ್ಷತೆಯ ಮಾನದಂಡ, ಐಇಸಿ 62443 ಭದ್ರತೆಯದು. 2016ರ ಎರಡನೇ ಆವೃತ್ತಿಯಲ್ಲಿ 61511 ಕೂಡ ಸೇಫ್ಟಿ ಸಿಸ್ಟಮ್‌ಗೆ ಭದ್ರತಾ ಅಪಾಯದ ಮೌಲ್ಯಮಾಪನ ಆಗಲೇಬೇಕು ಎಂದು ಹೇಳಿತು. ವೈವಾದಲ್ಲಿ ಈ ಎರಡು ಸಂಖ್ಯೆ ಅದಲು ಬದಲು ಮಾಡುವವರು ಬಹಳ.

ಹಾಸನ, ಚಿಕ್ಕಮಗಳೂರು ಕಡೆಯ ಇನ್‌ಸ್ಟ್ರುಮೆಂಟೇಶನ್ ಕಲಿಯುವವರಿಗೆ ಉದಾಹರಣೆಗೆ ದೂರ ಹೋಗಬೇಕಿಲ್ಲ. ಮಂಗಳೂರಿನಿಂದ ಘಟ್ಟ ಹತ್ತಿ ಹಾಸನದ ಮೇಲೆ ಬೆಂಗಳೂರಿನತ್ತ ಹೋಗುವ ಪೆಟ್ರೋಲಿಯಂ ಪೈಪ್‌ಲೈನ್ ಇದೆ, ಡೇರಿಗಳ ಅಮೋನಿಯ ಶೀತಲೀಕರಣವಿದೆ, ಬಾಯ್ಲರ್‌ಗಳಿವೆ. ಇಲ್ಲಿ ಬಾಯ್ಲರ್ ಹಿಡಿದುಕೊಳ್ಳೋಣ, ಎಲ್ಲರೂ ಒಂದಲ್ಲ ಒಂದು ಕಡೆ ನೋಡಿರುತ್ತೀರಿ.

ಬಾಯ್ಲರ್ ಒತ್ತಡವನ್ನು ದಿನವಿಡೀ ಹದದಲ್ಲಿ ಇಡುವುದು ಕಂಟ್ರೋಲ್ ಪಿಎಲ್‌ಸಿ ಅಥವಾ ಡಿಸಿಎಸ್ (ಇಡೀ ಸ್ಥಾವರ ನಡೆಸುವ ನಿಯಂತ್ರಣ ವ್ಯವಸ್ಥೆ). ಅದು ಕೈಕೊಟ್ಟಾಗ ಬರ್ನರ್ ಆರಿಸಿ, ಇಂಧನದ ವಾಲ್ವ್ ಮುಚ್ಚುವುದು ಸೇಫ್ಟಿ ಸಿಸ್ಟಮ್: ಒತ್ತಡ ಅಳೆದು ಕಳಿಸುವ ತನ್ನದೇ ಟ್ರಾನ್ಸ್‌ಮಿಟರ್, ನಿರ್ಧರಿಸುವ ತನ್ನದೇ ಲಾಜಿಕ್ ಸಾಲ್ವರ್, ತನ್ನದೇ ಶಟ್‌ಆಫ್ ವಾಲ್ವ್. ವರ್ಷಪೂರ್ತಿ ಅದಕ್ಕೆ ಕೆಲಸವೇ ಇರುವುದಿಲ್ಲ. ಅದನ್ನು ಕೆಡಿಸಿಟ್ಟರೂ ಯಾರಿಗೂ ಗೊತ್ತಾಗದೆ ಇರುವುದು ಇದೇ ಕಾರಣಕ್ಕೆ. ದಾಳಿಕೋರ ಸುಳ್ಳು ಟ್ರಿಪ್ ಕೊಟ್ಟರೆ ಉತ್ಪಾದನೆ ನಿಂತು ನಷ್ಟ ಆಗುತ್ತದೆ, ಅಷ್ಟೇ. ನಿಜವಾದ ಟ್ರಿಪ್ ತಡೆದು, ಅದೇ ಹೊತ್ತಿಗೆ ಕಂಟ್ರೋಲ್ ಪಿಎಲ್‌ಸಿಯಿಂದ ಒತ್ತಡ ಏರಿಸಿದರೆ ಜೀವ ಹೋಗುತ್ತದೆ. ಮುಂದಿನದನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಓದಿ.

ಅಂದಹಾಗೆ, ಚಿಕ್ಕ ಬಾಯ್ಲರ್‌ನಲ್ಲಿ ಈ ಕೆಲಸವನ್ನು ಪ್ರೆಷರ್ ಸ್ವಿಚ್ಚೂ ರಿಲೇಯೂ ಮಾಡುತ್ತವೆ. ಅವಕ್ಕೆ ನೆಟ್‌ವರ್ಕ್ ಇಲ್ಲ, ಹ್ಯಾಕ್ ಮಾಡಲು ಏನೂ ಇಲ್ಲ. ಹಳೆಯದೆಂದು ಮೂಗು ಮುರಿಯಬೇಡಿ.

ಸಿಲ್ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಸೇಫ್ಟಿ ಸಿಸ್ಟಮ್ಮನ್ನು ಎಷ್ಟು ನಂಬಬಹುದು ಎಂಬುದರ ದರ್ಜೆ ಸಿಲ್. ಸಿಲ್ 2 ಎಂದರೆ ಬೇಕಾದಾಗ ಕೈಕೊಡುವ ಸಂಭವ 0.01ಕ್ಕಿಂತ ಕಡಿಮೆ, ಸಿಲ್ 3 ಎಂದರೆ 0.001ಕ್ಕಿಂತ ಕಡಿಮೆ. ಈ ಅಂಕಿಗಳು ಬಿಡಿಭಾಗ ತಾನಾಗಿ ಕೆಡುವುದಕ್ಕೆ ಹಾಕಿದ ಲೆಕ್ಕ. ಮೂರು ಪ್ರೊಸೆಸರ್ ಇಟ್ಟು ಎರಡು ಹೇಳಿದ್ದನ್ನು ಒಪ್ಪುವ ಮತದಾನ ಪದ್ಧತಿಯೂ ಹಾಗೆಯೇ: ಒಂದು ಕೆಟ್ಟರೆ ಉಳಿದೆರಡು ಕಾಪಾಡುತ್ತವೆ. ಆದರೆ ಮೂರು ಸಾಕ್ಷಿಗಳಿಗೂ ಒಂದೇ ಸುಳ್ಳು ಹೇಳಿಕೊಟ್ಟರೆ ನ್ಯಾಯಾಧೀಶ ಏನು ಮಾಡಿಯಾನು? ತಪ್ಪು ಪ್ರೋಗ್ರಾಂ ಡೌನ್‌ಲೋಡ್ ಆದರೆ ಮೂರಕ್ಕೂ ಒಟ್ಟಿಗೇ ಆಗುತ್ತದೆ.

ಟ್ರೈಟನ್: ಕೀಲಿ ಒಂದು ಕಡೆ ತಿರುಗಿತ್ತು

2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಸ್ಥಾವರದಲ್ಲಿ ಶ್ನೈಡರ್ ಎಲೆಕ್ಟ್ರಿಕ್‌ನ ಟ್ರೈಕೋನೆಕ್ಸ್ ಸೇಫ್ಟಿ ಕಂಟ್ರೋಲರ್‌ಗಳಿಗೆ ಟ್ರೈಟನ್ ಎಂಬ ಮಾಲ್‌ವೇರ್ ನುಗ್ಗಿತು. ಸೇಫ್ಟಿ ಸಿಸ್ಟಮ್ಮನ್ನೇ ಗುರಿಯಾಗಿಸಿದ, ಬಹಿರಂಗವಾಗಿ ತಿಳಿದ ಮೊದಲ ದಾಳಿ ಇದು. ಇದು ಬಂದ ದಾರಿ ಕಚೇರಿ ನೆಟ್‌ವರ್ಕ್, ಅಲ್ಲಿಂದ ಸ್ಥಾವರದ ನೆಟ್‌ವರ್ಕ್, ಕೊನೆಗೆ ಸೇಫ್ಟಿ ಎಂಜಿನಿಯರಿಂಗ್ ಕಂಪ್ಯೂಟರ್. ಅಲ್ಲಿ ಕೂತ ಫೈಲಿನ ಹೆಸರು ಟ್ರೈಲಾಗ್.ಎಕ್ಸಿ, ಕಂಪನಿಯದೇ ಲಾಗ್ ನೋಡುವ ತಂತ್ರಾಂಶದ ವೇಷ. ಅದು ಕಂಟ್ರೋಲರ್ ಜೊತೆ ಟ್ರೈಸ್ಟೇಶನ್ ಪ್ರೊಟೊಕಾಲ್‌ನಲ್ಲಿ, ಯುಡಿಪಿ ಪೋರ್ಟ್ 1502ರಲ್ಲಿ ಮಾತಾಡಿತು.

ಆ ಕಂಟ್ರೋಲರ್‌ನ ಮುಖದ ಮೇಲೆ ನಿಜವಾದ ಲೋಹದ ಕೀಲಿಯ ಸ್ವಿಚ್ ಇದೆ: ರನ್, ಪ್ರೋಗ್ರಾಂ, ಸ್ಟಾಪ್, ರಿಮೋಟ್. ರನ್‌ನಲ್ಲಿದ್ದರೆ ಹೊಸ ಪ್ರೋಗ್ರಾಂ ಒಳಗೆ ಹೋಗುವುದಿಲ್ಲ. ಅಲ್ಲಿ ಕೀಲಿ ಪ್ರೋಗ್ರಾಂನಲ್ಲೇ ಉಳಿದಿತ್ತು. ಒಮ್ಮೆ ಒಳಹೊಕ್ಕು ಮೆಮೊರಿಯಲ್ಲಿ ಕೂತ ಮೇಲೆ ಆ ಹಿಂಬಾಗಿಲಿಗೆ ಕೀಲಿ ಎಲ್ಲಿದೆ ಎಂಬುದು ಲೆಕ್ಕಕ್ಕೇ ಇರಲಿಲ್ಲ. ಆಮೇಲೆ ರನ್‌ಗೆ ತಿರುಗಿಸಿದರೆ ಬಂದವನು ಹೊರಗೆ ಹೋಗುವುದಿಲ್ಲ.

ಜೂನ್‌ನಲ್ಲಿ ಮೊದಲ ಟ್ರಿಪ್ ಆದಾಗ ಯಂತ್ರದ ದೋಷ ಅಂದುಕೊಂಡರು. ಆಗಸ್ಟ್‌ನಲ್ಲಿ ಮತ್ತೆ ಆಯಿತು. ದಾಳಿಕೋರರ ಕೋಡ್‌ನಲ್ಲಿ ಎಡವಟ್ಟಾಗಿ, ಪ್ರೊಸೆಸರ್‌ಗಳ ಪರಸ್ಪರ ತಾಳೆ ತಪ್ಪಿ, ಕಂಟ್ರೋಲರ್ ತಾನಾಗಿ ಸುರಕ್ಷಿತ ಸ್ಥಿತಿಗೆ ಹೋಗಿ ನಿಂತಿತು. ಸಿಕ್ಕಿಬಿದ್ದದ್ದು ಹಾಗೆ. 2020ರ ಅಕ್ಟೋಬರ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆ ರಷ್ಯಾದ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯ ಮೇಲೆ ಇದೇ ವಿಷಯಕ್ಕೆ ನಿರ್ಬಂಧ ಹೇರಿತು.

ಕೀಲಿಯ ನಿಯಮ ಹೀಗಿರಲಿ. ರನ್‌ಗೆ ತಿರುಗಿಸಿ, ಕಿತ್ತು, ಶಿಫ್ಟ್ ಇನ್‌ಚಾರ್ಜ್ ಬಳಿ ಬೀಗದೊಳಗೆ ಇಡಬೇಕು. ತೆಗೆದವರ ಸಹಿ, ಸಮಯ, ವರ್ಕ್ ಪರ್ಮಿಟ್ ಸಂಖ್ಯೆ ರಿಜಿಸ್ಟರ್‌ನಲ್ಲಿ ಬರಬೇಕು. ಸ್ವಿಚ್‌ನ ಸ್ಥಾನ ಆಪರೇಟರ್ ಪರದೆಗೆ ಅಲಾರಂ ಆಗಿ ಬರಬೇಕು, ಒಮ್ಮೆ ಒಪ್ಪಿಕೊಂಡರೂ ಅರ್ಧ ಗಂಟೆಗೊಮ್ಮೆ ಮತ್ತೆ ಕೂಗಬೇಕು. ಕೀಲಿಯನ್ನು ಸ್ವಿಚ್‌ನಲ್ಲೇ ಬಿಟ್ಟು ದಾರ ಕಟ್ಟಿ ನೇತುಹಾಕಿದ ಪ್ಯಾನೆಲ್‌ಗೆ ಎಷ್ಟು ಫೈರ್‌ವಾಲ್ ಇಟ್ಟರೂ ಒಂದೇ.

ಲಾಜಿಕ್ ಮುಟ್ಟದೆ ಟ್ರಿಪ್ ಕೆಡಿಸುವುದು

ಪುಸ್ತಕದಲ್ಲಿ ಇದಕ್ಕೆ ಜಾಗ ಕಡಿಮೆ, ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ. ಬಾಯ್ಲರ್‌ನ ವಿನ್ಯಾಸ ಒತ್ತಡ ಚದರ ಸೆಂ.ಮೀ.ಗೆ 10.54 ಕೆ.ಜಿ. ಪ್ರೆಷರ್ ಟ್ರಾನ್ಸ್‌ಮಿಟರ್‌ನ ರೇಂಜ್ 0ರಿಂದ 16, ಸಿಗ್ನಲ್ 4ರಿಂದ 20 ಮಿಲಿಆಂಪ್. ಟ್ರಿಪ್ 9ಕ್ಕೆ. ಆಗ ಕರೆಂಟ್: 4 + 16 × (9 ÷ 16) = 13 ಮಿಲಿಆಂಪ್. ಲಾಜಿಕ್ 13 ಕಂಡರೆ ಬರ್ನರ್ ಆರಿಸುತ್ತದೆ.

ಈಗ ಯಾರೋ ಹಾರ್ಟ್ ಸಂವಹನದ (ಅದೇ ಸಿಗ್ನಲ್ ತಂತಿಯ ಮೇಲೆ ಟ್ರಾನ್ಸ್‌ಮಿಟರ್ ಜೊತೆ ಡಿಜಿಟಲ್ ಆಗಿ ಮಾತಾಡುವ ವಿಧಾನ) ಮೂಲಕ ಟ್ರಾನ್ಸ್‌ಮಿಟರ್ ರೇಂಜನ್ನು 0ರಿಂದ 25ಕ್ಕೆ ಬದಲಿಸಿದರು ಅನ್ನಿ. ಒತ್ತಡ 9 ಇದ್ದಾಗ ಬರುವುದು 9.76 ಮಿಲಿಆಂಪ್. ಲಾಜಿಕ್ ಇನ್ನೂ ಹಳೆಯ ರೇಂಜ್‌ನಲ್ಲೇ ಓದಿ 5.76 ಅನ್ನುತ್ತದೆ. 13 ಮಿಲಿಆಂಪ್ ಬರುವುದು ಒತ್ತಡ 14.06 ಮುಟ್ಟಿದಾಗ, ವಿನ್ಯಾಸದ ಮಿತಿ ದಾಟಿ ಎಷ್ಟೋ ಮೇಲೆ. ಪ್ರೋಗ್ರಾಂ ಬದಲಾಗಿಲ್ಲ, ಕೀಲಿ ರನ್‌ನಲ್ಲೇ ಇದೆ, ಸಿಗ್ನಲ್ 4ರಿಂದ 20ರ ಒಳಗೇ ಇರುವುದರಿಂದ ಫಾಲ್ಟ್ ಅಲಾರಂ ಕೂಡ ಇಲ್ಲ.

ಇದಕ್ಕೆ ದಾರಿ ಮಾಡಿಕೊಡುವುದು ಎಲ್ಲ ಟ್ರಾನ್ಸ್‌ಮಿಟರ್‌ಗಳನ್ನೂ ಒಂದೇ ಕಂಪ್ಯೂಟರಿಗೆ ಜೋಡಿಸುವ ಹಾರ್ಟ್ ಮಲ್ಟಿಪ್ಲೆಕ್ಸರ್. ಕ್ಯಾಲಿಬ್ರೇಶನ್‌ಗೆ ಫೀಲ್ಡಿಗೆ ನಡೆಯುವುದು ತಪ್ಪಲಿ ಎಂದು ಹಾಕಿದ್ದು, ದಾಳಿಕೋರನಿಗೂ ನಡಿಗೆ ತಪ್ಪಿಸುತ್ತದೆ. ಮೊದಲ ಪರಿಹಾರ ಟ್ರಾನ್ಸ್‌ಮಿಟರ್‌ನ ಒಳಗೇ ಇದೆ: ಮುಚ್ಚಳ ಬಿಚ್ಚಿದರೆ ಕಾಣುವ ರೈಟ್ ಪ್ರೊಟೆಕ್ಟ್ ಜಂಪರ್ ಅಥವಾ ಸ್ವಿಚ್. ಕ್ಯಾಲಿಬ್ರೇಶನ್ ಮುಗಿಸಿ ಬರುವಾಗ ಅದನ್ನು ಮರೆಯುವುದೇ ಹೆಚ್ಚು. ಚೆಕ್‌ಲಿಸ್ಟ್‌ನ ಕೊನೆಯ ಸಾಲು ಅದೇ ಇರಲಿ, ಆಮೇಲೆ ಹ್ಯಾಂಡ್‌ಹೆಲ್ಡ್‌ನಿಂದ ಏನಾದರೂ ಬದಲಿಸಲು ಹೋಗಿ ಅದು ನಿರಾಕರಿಸಿದ್ದನ್ನು ಕಣ್ಣಾರೆ ನೋಡಿ. ಎರಡನೆಯದು, ಕಂಟ್ರೋಲ್ ಪಿಎಲ್‌ಸಿಯ ಟ್ರಾನ್ಸ್‌ಮಿಟರ್ ಮತ್ತು ಸೇಫ್ಟಿಯ ಟ್ರಾನ್ಸ್‌ಮಿಟರ್ ಓದುವುದರಲ್ಲಿ ವ್ಯತ್ಯಾಸ ಬಂದರೆ ಅಲಾರಂ. ಒಂದು 9, ಇನ್ನೊಂದು 5.76 ಅಂದರೆ ತಕ್ಷಣ ಗೊತ್ತಾಗುತ್ತದೆ. ಎರಡನ್ನೂ ಬದಲಿಸಿದ್ದರೆ? ಬಾಯ್ಲರ್ ಮೇಲಿನ ಮುಳ್ಳಿನ ಗೇಜ್ ಇದೆ, ಸ್ಪ್ರಿಂಗ್‌ನ ಸೇಫ್ಟಿ ವಾಲ್ವ್ ಇದೆ. ಸ್ಪ್ರಿಂಗ್‌ಗೆ ಪಾಸ್‌ವರ್ಡ್ ಇಲ್ಲ.

ನೆಟ್‌ವರ್ಕ್ ಕಡೆ

ಸೇಫ್ಟಿ ಸಿಸ್ಟಮ್ ತನ್ನ ಮಾಹಿತಿಯನ್ನು ಡಿಸಿಎಸ್‌ಗೆ ತೋರಿಸಬೇಕಾಗುತ್ತದೆ, ಸಾಮಾನ್ಯವಾಗಿ ಮಾಡ್‌ಬಸ್ ಎಂಬ ಪ್ರೊಟೊಕಾಲ್‌ನಲ್ಲಿ. ಫೈರ್‌ವಾಲ್‌ನಲ್ಲಿ ಪೋರ್ಟ್ 502 ಬಿಟ್ಟೆವು ಎಂದರೆ ಸಾಲದು, ಓದುವುದೂ ಬರೆಯುವುದೂ ಅದೇ ಪೋರ್ಟ್‌ನಲ್ಲಿ ಹೋಗುತ್ತದೆ. ಏನು ಮಾಡಬೇಕೆಂದು ಹೇಳುವ ಸಂಖ್ಯೆ ಫಂಕ್ಷನ್ ಕೋಡ್: 1ರಿಂದ 4 ಓದಲು, 5, 6, 15, 16 ಬರೆಯಲು. ಪ್ಯಾಕೆಟ್‌ನ ಒಳಗಿನ ಕೋಡ್ ನೋಡಿ, ಓದುವುದನ್ನು ಮಾತ್ರ ಬಿಡುವ ಫೈರ್‌ವಾಲ್ ಬೇಕು. ಬೈಪಾಸ್ (ಟ್ರಿಪ್ಪನ್ನು ತಾತ್ಕಾಲಿಕವಾಗಿ ತಡೆದಿಡುವ) ಅನುಮತಿ, ರೀಸೆಟ್ ಇವೆರಡನ್ನು ನೆಟ್‌ವರ್ಕ್‌ನಲ್ಲಿ ಕಳಿಸಬೇಡಿ, ತಂತಿ ಎಳೆದು ಪ್ಯಾನೆಲ್‌ನ ಸ್ವಿಚ್‌ಗೆ ಕೊಡಿ.

ಎಂಜಿನಿಯರಿಂಗ್ ಕಂಪ್ಯೂಟರ್‌ನಲ್ಲಿ ಮೇಲ್ ಇಲ್ಲ, ಇಂಟರ್‌ನೆಟ್ ಇಲ್ಲ, ಕೆಲಸ ಇಲ್ಲದಾಗ ವಿದ್ಯುತ್ತೂ ಇಲ್ಲ. ಅನುಮತಿ ಪಟ್ಟಿಯಲ್ಲಿರುವ ತಂತ್ರಾಂಶ ಮಾತ್ರ ಓಡಬೇಕು. ಗುತ್ತಿಗೆದಾರರ ಲ್ಯಾಪ್‌ಟಾಪ್ ನೇರ ಕಂಟ್ರೋಲರ್‌ಗೆ ಚುಚ್ಚಲು ಬಿಡಬೇಡಿ. ಪ್ರತಿ ಬದಲಾವಣೆಯ ನಂತರ ಪ್ರೋಗ್ರಾಂನ ಪ್ರತಿ ತೆಗೆದು, ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಕಾಗದದ ಮೇಲೆ ಬರೆದಿಟ್ಟು, ತಿಂಗಳಿಗೊಮ್ಮೆ ಓಡುತ್ತಿರುವ ಪ್ರೋಗ್ರಾಂ ಜೊತೆ ಪ್ರತಿಯನ್ನು ತಾಳೆ ನೋಡಿ.

ಕಚೇರಿಯ ಐಟಿ ನಿಯಮ ಹಾಗೇ ತಂದರೆ ಇಲ್ಲಿ ಅಪಾಯ. ಮೂರು ಸಲ ಪಾಸ್‌ವರ್ಡ್ ತಪ್ಪಿದರೆ ಖಾತೆ ಲಾಕ್ ಎಂಬುದು ಬ್ಯಾಂಕಿಗೆ ಸರಿ, ಗಾಬರಿಯಲ್ಲಿರುವ ಆಪರೇಟರ್‌ನ ಪರದೆಗೆ ಸಲ್ಲದು. ತುರ್ತು ನಿಲುಗಡೆಯ ಗುಂಡಿಗಂತೂ ಪಾಸ್‌ವರ್ಡ್ ಕೂಡದು. ನೆಟ್‌ವರ್ಕ್ ಸ್ಕ್ಯಾನರ್ ಓಡಿಸಿದರೆ ಹಳೆಯ ಕಂಟ್ರೋಲರ್ ಸಂವಹನವೇ ನಿಂತುಹೋಗಬಹುದು. ಸ್ಥಾವರ ಓಡುವಾಗ ಆಲಿಸುವುದು ಮಾತ್ರ, ಕೆಣಕುವುದು ಶಟ್‌ಡೌನ್‌ನಲ್ಲಿ.

ಕಾರಣ ತಿಳಿಯದ ಟ್ರಿಪ್ ಬಂದಾಗ

"ರೀಸೆಟ್ ಹೊಡಿ, ಸ್ಟಾರ್ಟ್ ಮಾಡು" ಅನ್ನುವ ಒತ್ತಡ ಮೇಲಿನಿಂದ ಬಂದೇ ಬರುತ್ತದೆ. ಮೊದಲು ಪ್ರಕ್ರಿಯೆ ಸುರಕ್ಷಿತವಾಗಿ ನಿಂತಿದೆ ಎಂದು ಫೀಲ್ಡ್‌ನಲ್ಲಿ ವಾಲ್ವ್ ನೋಡಿ ಖಾತ್ರಿ ಮಾಡಿ. ಆಮೇಲೆ ಕಂಟ್ರೋಲರ್‌ನ ದೀಪಗಳ, ಕೀಲಿಯ ಸ್ಥಾನದ ಫೋಟೊ ತೆಗೆದು, ಎಂಜಿನಿಯರಿಂಗ್ ಕಂಪ್ಯೂಟರ್‌ನ ನೆಟ್‌ವರ್ಕ್ ಕೇಬಲ್ ಕೀಳಿ. ಕಂಟ್ರೋಲರ್‌ನದಾಗಲಿ ಕಂಪ್ಯೂಟರ್‌ನದಾಗಲಿ ವಿದ್ಯುತ್ ತೆಗೆಯಬೇಡಿ, ಟ್ರೈಟನ್‌ನಂಥದ್ದು ಮೆಮೊರಿಯಲ್ಲೇ ಇರುತ್ತದೆ, ಆಫ್ ಮಾಡಿದರೆ ಸಾಕ್ಷ್ಯ ಹೋಯಿತು. ಡಯಾಗ್ನೋಸ್ಟಿಕ್ ಲಾಗ್ ಪ್ರತಿ ಮಾಡಿಕೊಂಡು, ಓಡುತ್ತಿರುವ ಪ್ರೋಗ್ರಾಂ ಅನ್ನು ಮೊದಲೇ ತೆಗೆದಿಟ್ಟ ಪ್ರತಿಯೊಂದಿಗೆ ಹೋಲಿಸಿ, ಟ್ರಾನ್ಸ್‌ಮಿಟರ್ ರೇಂಜ್‌ಗಳನ್ನು ಒಂದೊಂದಾಗಿ ಓದಿ ಬರೆದುಕೊಳ್ಳಿ. ದಾಳಿ ಎಂದು ಗೊತ್ತಾದ ಕ್ಷಣದಿಂದ 6 ಗಂಟೆಯೊಳಗೆ ಭಾರತ ಸರ್ಕಾರದ ಸೈಬರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್‌ಗೆ ವರದಿ ಮಾಡಬೇಕು, ಲಾಗ್‌ಗಳು 180 ದಿನದವು ಇರಬೇಕು. 2022ರ ಏಪ್ರಿಲ್ 28ರ ನಿರ್ದೇಶನ ಹೇಳುವುದು ಇದನ್ನೇ, ಸ್ಕಾಡಾ (ಸ್ಥಾವರವನ್ನು ದೂರದಿಂದ ನೋಡಿ ನಿಯಂತ್ರಿಸುವ ವ್ಯವಸ್ಥೆ) ಮೇಲಿನ ದಾಳಿಯೂ ಅದರ ಪಟ್ಟಿಯಲ್ಲಿದೆ.