ಕೆಂಪು ಬಣ್ಣ ಬಳಿದ ಕೈಪಂಪು

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮೊದಲು ಕೆರೆ, ಹೊಂಡದ ನೀರನ್ನೇ ಕುಡಿಯುತ್ತಿದ್ದರು. ಕಾಲರಾ, ಭೇದಿಗೆ ಮಕ್ಕಳು ಸಾಯುತ್ತಿದ್ದರು. ಅದನ್ನು ತಪ್ಪಿಸಲು 1970ರ ದಶಕದಲ್ಲಿ ಸರ್ಕಾರ ಮತ್ತು ಯುನಿಸೆಫ್ ಸೇರಿ ಊರೂರಲ್ಲಿ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸಿದವು. ಆಮೇಲೆ ಜನರೇ ದುಡ್ಡು ಹಾಕಿ ಲಕ್ಷಗಟ್ಟಲೆ ಪಂಪು ಕೂರಿಸಿಕೊಂಡರು. ನೀರು ತಿಳಿಯಾಗಿತ್ತು, ರುಚಿಯಲ್ಲೂ ದೋಷವಿರಲಿಲ್ಲ. ಅದರಲ್ಲಿ ಆರ್ಸೆನಿಕ್ ಎಂಬ ವಿಷ ಇದೆಯಾ ಅಂತ ಪರೀಕ್ಷಿಸುವ ರೂಢಿ ಆಗ ಇರಲಿಲ್ಲ.

1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಕೆ.ಸಿ. ಸಹಾ ಪಶ್ಚಿಮ ಬಂಗಾಳದ ಹಳ್ಳಿಯವರಲ್ಲಿ ಈ ವಿಷದಿಂದ ಬರುವ ಕಾಯಿಲೆಯನ್ನು ಗುರುತಿಸಿದರು. ಅಂಗೈ, ಅಂಗಾಲಲ್ಲಿ ಗಟ್ಟಿ ಗಂಟು, ಮೈಮೇಲೆ ಕಪ್ಪು ಚುಕ್ಕೆ. ಇಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಕ್ಯಾನ್ಸರ್ ಕೂಡ ಬರುತ್ತದೆ. ಗಡಿಯಾಚೆ ಬಾಂಗ್ಲಾದೇಶದ ಬಾವಿಗಳಲ್ಲಿ ಆರ್ಸೆನಿಕ್ ಪತ್ತೆಯಾಗಿದ್ದು 1993ರಲ್ಲಿ. ಹತ್ತು ವರ್ಷ ಸುಮ್ನೆ ಕಳೆದುಹೋಯಿತು. ಆ ದೇಶದ 12.5 ಕೋಟಿ ಜನರಲ್ಲಿ 3.5ರಿಂದ 7.7 ಕೋಟಿ ಜನ ಅಪಾಯದಲ್ಲಿದ್ದಾರೆ ಎಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆ ಬರೆಯಿತು. ಆರ್ಸೆನಿಕ್ ಲೀಟರಿಗೆ 50 ಮೈಕ್ರೋಗ್ರಾಂ ದಾಟಿದ ಪಂಪಿಗೆ ಕೆಂಪು, ಉಳಿದದ್ದಕ್ಕೆ ಹಸಿರು ಬಳಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10 ಮಾತ್ರ. ಅಂದರೆ ಎಲ್ಲ ಹಸಿರೂ ನಂಬುವಂಥದ್ದಲ್ಲ.

ವಿಷವನ್ನು ಯಾರೂ ಸುರಿದಿರಲಿಲ್ಲ. ಹಿಮಾಲಯದಿಂದ ನದಿಗಳು ತಂದ ಮಣ್ಣಿನಲ್ಲಿ ಆರ್ಸೆನಿಕ್ ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುತ್ತದೆ. ಗಾಳಿಯಾಡದ ಆಳದಲ್ಲಿ ಸೂಕ್ಷ್ಮಜೀವಿಗಳು ಆ ತುಕ್ಕನ್ನು ಕರಗಿಸುತ್ತವೆ, ಆರ್ಸೆನಿಕ್ ನೀರಿಗೆ ಇಳಿಯುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ಜಾಸ್ತಿಯೇ ಆಗುತ್ತದೆ.

ಶುದ್ಧ ಮಾಡಲು ಬೇಕಾದದ್ದೂ ಅದೇ ತುಕ್ಕು! ಬಾಂಗ್ಲಾದೇಶದ ಕುಷ್ಟಿಯಾ ಊರಿನ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಂ ಮಾಡಿದ ಸೋನೋ ಫಿಲ್ಟರ್ ನೋಡಿ. ಒಂದರ ಮೇಲೊಂದು ಎರಡು ಬಕೆಟ್. ಒಳಗೆ ಮರಳು, ಕಬ್ಬಿಣದ ಪದರ, ಇದ್ದಿಲು, ಇಟ್ಟಿಗೆ ಚೂರು. ಕಬ್ಬಿಣ ತುಕ್ಕು ಹಿಡಿಯುತ್ತಾ ಆರ್ಸೆನಿಕ್ಕನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಕರೆಂಟು ಬೇಡ. 2007ರಲ್ಲಿ ಇದಕ್ಕೆ ಅಮೆರಿಕದಲ್ಲಿ 10 ಲಕ್ಷ ಡಾಲರ್ ಬಹುಮಾನ ಬಂತು. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ‘ಅಮೃತ್’ ಫಿಲ್ಟರ್ ಕೂಡ ಕಬ್ಬಿಣದ ಇದೇ ಗುಣವನ್ನು ನ್ಯಾನೋ ಮಟ್ಟದಲ್ಲಿ, ಅಂದರೆ ಅತಿ ಸಣ್ಣ ಕಣಗಳಲ್ಲಿ ಬಳಸುತ್ತದೆ.

ನನ್ನ ಪ್ರಕಾರ ಕಷ್ಟವಿರುವುದು ಫಿಲ್ಟರ್ ಕೂರಿಸಿದ ಮೇಲೆ. ಕಬ್ಬಿಣದ ಪದರ ಆರ್ಸೆನಿಕ್ ತುಂಬಿಕೊಂಡು ಇನ್ನು ಹಿಡಿಯಲಾರದಾದ ದಿನ ನೀರಿನ ರುಚಿ, ಬಣ್ಣ ಬದಲಾಗುವುದಿಲ್ಲ. ಮನೆಯವರಿಗೆ ಗೊತ್ತಾಗುವುದು ಹೇಗೆ? ಆಗಾಗ ನೀರು ಪರೀಕ್ಷಿಸುವವರು ಬೇಕು. ಫಿಲ್ಟರಿನಿಂದ ತೆಗೆದ ಆರ್ಸೆನಿಕ್ ಕೆಸರನ್ನು ಮತ್ತೆ ಹೊಂಡಕ್ಕೆ ಸುರಿಯದಂತೆ ನೋಡಿಕೊಳ್ಳುವವರೂ ಬೇಕು.

ಇದು ಗಂಗೆಯ ಬಯಲಿನ ಕಥೆ ಮಾತ್ರ ಅಲ್ಲ. ನಮ್ಮ ರಾಯಚೂರು, ಯಾದಗಿರಿಯ ಚಿನ್ನದ ಅದಿರಿನ ಬಂಡೆಗಳಲ್ಲೂ ಆರ್ಸೆನಿಕ್ ಇದೆ. ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಕೊಳವೆ ಬಾವಿ ನೀರಿನಲ್ಲೂ ಅದು ಸಿಕ್ಕಿದೆ.