ಬೀಳೋ ಹಲ್ಲಿಗೊಂದು ರೂಟ್ ಕೆನಾಲ್

ನನ್ನ ತಂಗಿಯ ಮಗಳಿಗೆ ಆಗ 5 ವರ್ಷ. ಮೂರು ರಾತ್ರಿ ಹಲ್ಲುನೋವೆಂದು ಅತ್ತಿದ್ದಳು. ಡಾಕ್ಟರು ಎಕ್ಸ್-ರೇ ತೆಗೆದು ತೋರಿಸಿದರು. ಕೆಳದವಡೆಯ ಕೊನೆಯ ಹಾಲುಹಲ್ಲು, ಅದರ ಎರಡು ಬೇರು ಕಾಲು ಅಗಲಿಸಿ ನಿಂತ ಹಾಗೆ. ಆ ಕಾಲುಗಳ ನಡುವೆ, ಮೂಳೆಯೊಳಗೆ, ಇನ್ನೊಂದು ಹಲ್ಲಿನ ಅರೆಬರೆ ಆಕಾರ. ಬೇರು ಇನ್ನೂ ಹುಟ್ಟಿಲ್ಲ, ಬರೀ ಟೋಪಿ. "ಇದು 11 ವರ್ಷದ ಹೊತ್ತಿಗೆ ಹೊರಗೆ ಬರೋ ಹಲ್ಲು" ಅಂದರು. ಮೇಲಿನ ಹಾಲುಹಲ್ಲಿಗೆ ರೂಟ್ ಕೆನಾಲ್ ಮಾಡಬೇಕು ಅಂತಲೂ ಹೇಳಿದರು.

ಅಮ್ಮ ಕೇಳಿಯೇಬಿಟ್ಟರು. "ಹೇಗೂ ಬೀಳೋ ಹಲ್ಲು ತಾನೇ ಡಾಕ್ಟ್ರೇ? ಕಿತ್ತು ಹಾಕಿದರೆ ಆಯ್ತಪ್ಪ. ಇದಕ್ಯಾಕೆ ರೂಟ್ ಕೆನಾಲು?"

ನ್ಯಾಯವಾದ ಪ್ರಶ್ನೆಯೇ. ಆದರೆ ಹಾಲುಹಲ್ಲೆಲ್ಲ ಒಟ್ಟಿಗೆ ಬೀಳುವುದಿಲ್ಲ. ಮುಂದಿನವು 6–7 ವರ್ಷಕ್ಕೆ ಬಿದ್ದರೆ, ಈ ಹಿಂದಿನ ದವಡೆ ಹಲ್ಲು ಬೀಳುವುದು 10ರಿಂದ 12ರ ನಡುವೆ. ಅಲ್ಲಿಯವರೆಗೂ ಮಗು ಊಟ ಅಗಿಯಬೇಕಲ್ವಾ? ಜೊತೆಗೆ ಇನ್ನೊಂದು ಕೆಲಸವಿದೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಇದು ಕೆಳಗಿನ ಹಲ್ಲಿಗೆ ಜಾಗ ಹಿಡಿದಿಟ್ಟಿರುತ್ತದೆ. 6ನೇ ವರ್ಷಕ್ಕೆ ಇದರ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಟವೆಲ್ ಎತ್ತಿಬಿಟ್ಟರೆ ಅದು ಮುಂದಕ್ಕೆ ಜರುಗಿ ಕೂತುಬಿಡುತ್ತದೆ. ಆಮೇಲೆ 11ಕ್ಕೆ ಬರುವ ಹಲ್ಲಿಗೆ ಸೀಟೇ ಇಲ್ಲ. (ಆ 6ನೇ ವರ್ಷದ ಹಲ್ಲನ್ನೂ ಎಷ್ಟೋ ಮನೆಯಲ್ಲಿ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುತ್ತದೆ ನೋಡಿ, ಅದಕ್ಕೆ.)

ಹಾಗಂತ ಹುಳುಕನ್ನು ಸುಮ್ನೆ ಬಿಡುವಂತೆಯೂ ಇಲ್ಲ. ಹಾಲುಹಲ್ಲಿನ ಎನಾಮೆಲ್ (ಹೊರಗಿನ ಗಟ್ಟಿ ಪದರ) ಸುಮಾರು 1 ಮಿಲಿಮೀಟರ್ ದಪ್ಪ, ದೊಡ್ಡವರದ್ದರ ಅರ್ಧದಷ್ಟು. ಒಳಗೆ ರಕ್ತನಾಳ, ನರ ಇರುವ ಪಲ್ಪ್ ಮಾತ್ರ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ಹುಳುಕು ಬೇಗ ಒಳಗೆ ಇಳಿಯುತ್ತದೆ. ಕೀವಾದರೆ ಅದು ಹೆಚ್ಚಾಗಿ ಸೇರಿಕೊಳ್ಳುವುದು ಆ ಎರಡು ಬೇರುಗಳ ನಡುವೆ, ಅಂದರೆ ಹೊಸ ಹಲ್ಲಿನ ತಲೆಯ ಮೇಲೇ. ಹೊಸದು ಕಂದು ಕಲೆಯೋ ಗುಳಿಯೋ ಹೊತ್ತುಕೊಂಡು ಹೊರಬರಬಹುದು.

ಚಿಕಿತ್ಸೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಒಂದು ಹತ್ತಿಯ ಉಂಡೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಕಟ್ಟಿ, ಹುಳುಕು ತೆಗೆದು, ಹಲ್ಲಿನ ತಲೆಭಾಗದಲ್ಲಿರುವ ಪಲ್ಪನ್ನು ಮಾತ್ರ ಕತ್ತರಿಸಿ ತೆಗೆಯುತ್ತಾರೆ. ರಕ್ತ ಬರುತ್ತದೆ. ಒದ್ದೆ ಹತ್ತಿಯನ್ನು ಅದರ ಮೇಲೆ ಒತ್ತಿಟ್ಟು ಕೆಲವು ನಿಮಿಷ ಕಾಯುತ್ತಾರೆ. ಹತ್ತಿ ಎತ್ತಿದಾಗ ರಕ್ತ ನಿಂತಿದ್ದರೆ ಬೇರಿನೊಳಗಿನ ಪಲ್ಪ್ ಇನ್ನೂ ಚೆನ್ನಾಗಿದೆ ಎಂದು ಲೆಕ್ಕ. ಅದನ್ನು ಮುಟ್ಟದೆ ಮೇಲೆ ಔಷಧಿ ಇಟ್ಟು ಮುಚ್ಚುತ್ತಾರೆ. ಇದು ಪಲ್ಪಾಟಮಿ. ರಕ್ತ ನಿಲ್ಲದೆ ಒಸರುತ್ತಲೇ ಇದ್ದರೆ ಊತ ಬೇರಿಗೂ ಇಳಿದಿದೆ. ಆಗ ಬೇರಿನ ಪಲ್ಪನ್ನೂ ತೆಗೆಯಬೇಕು, ಅದು ಪಲ್ಪೆಕ್ಟಮಿ. ನಾವು ಎರಡಕ್ಕೂ ರೂಟ್ ಕೆನಾಲ್ ಅಂತಲೇ ಅನ್ನುತ್ತೇವೆ. ನಮ್ಮ ಹುಡುಗಿಯದು ಮೊದಲನೆಯದರಲ್ಲೇ ಮುಗಿಯಿತು.

ಮೇಲೆ ಇಡುವ ಔಷಧಿಗೆ ಎಂಟಿಎ ಅಂತ ಹೆಸರು. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಮತ್ತು ಜೊತೆಯವರು ರೂಪಿಸಿದ್ದು. ಅದರ ಮುಖ್ಯ ಅಂಶ ಪೋರ್ಟ್‌ಲ್ಯಾಂಡ್ ಸಿಮೆಂಟ್, ಮನೆ ಕಟ್ಟುವ ಸಿಮೆಂಟಿನದೇ ಜಾತಿ! ಶುದ್ಧ ಮಾಡಿ, ಎಕ್ಸ್-ರೇಯಲ್ಲಿ ಕಾಣಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿದ್ದು. ಸಿಮೆಂಟಿನ ಹಾಗೇ ತೇವದಲ್ಲೇ ಗಟ್ಟಿಯಾಗುತ್ತದೆ, ಬಾಯಿಗೆ ಹೇಳಿ ಮಾಡಿಸಿದ ಗುಣ.

ಬೇರಿನ ಒಳಗೂ ತುಂಬಬೇಕಾದಾಗ ಸಮಸ್ಯೆ ಬೇರೆ. ದೊಡ್ಡವರ ಬೇರಿಗೆ ಗಟ್ಟಾಪರ್ಚಾ ತುಂಬುತ್ತಾರೆ. ಮಲಯಾ ಕಡೆಯ ಮರದ ಹಾಲಿನಿಂದ ಬಂದ, ರಬ್ಬರಿನಂಥ ವಸ್ತು ಅದು. ಜನ್ಮಪೂರ್ತಿ ಹಾಗೇ ಇರುತ್ತದೆ. ಆದರೆ ಹಾಲುಹಲ್ಲಿನ ಬೇರು ಉಳಿಯುವಂಥದ್ದಲ್ಲ. ಕೆಳಗಿನ ಹಲ್ಲು ಮೇಲೆ ಬರುತ್ತಿದ್ದಂತೆ ಮೂಳೆ ತಿನ್ನುವ ಕೋಶಗಳ ಸೋದರಸಂಬಂಧಿಗಳು ಬೇರನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತವೆ. ಬೇರು ಕರಗಿ ಗಟ್ಟಾಪರ್ಚಾ ಮಾತ್ರ ಉಳಿದರೆ ಹೊಸ ಹಲ್ಲಿನ ದಾರಿಗೆ ಅಡ್ಡ. ಅದಕ್ಕೇ ಮಕ್ಕಳಿಗೆ ತುಂಬುವ ಪೇಸ್ಟು ತಾನೂ ಕರಗಬೇಕು. ಜಿಂಕ್ ಆಕ್ಸೈಡಿಗೆ ಲವಂಗದೆಣ್ಣೆಯ ಯೂಜಿನಾಲ್ ಕಲಸಿದ್ದು ಹಳೆಯ ಪದ್ಧತಿ, ಕ್ಲಿನಿಕ್ಕಿನ ಆ ಲವಂಗದ ವಾಸನೆ ಅದರದ್ದೇ. ಅದು ಬೇರಿಗಿಂತ ನಿಧಾನ ಕರಗುತ್ತದೆ. ಅಯೋಡೋಫಾರ್ಮ್ ಎಂಬ ಸೋಂಕುನಿವಾರಕ ಇರುವ ಪೇಸ್ಟು ಕೆಲವೊಮ್ಮೆ ಬೇರಿಗಿಂತ ಮುಂಚೆಯೇ ಖಾಲಿ! ಬೇರಿನ ಜೊತೆ ಹೆಜ್ಜೆಗೆ ಹೆಜ್ಜೆ ಹಾಕುವಂಥದ್ದು ಇನ್ನೂ ಸಿಕ್ಕಿಲ್ಲ.

ಎಲ್ಲ ಹಲ್ಲನ್ನೂ ಹೀಗೆ ಉಳಿಸಲೇಬೇಕೆಂದಿಲ್ಲ. ಬೇರು ಆಗಲೇ ಜಾಸ್ತಿ ಕರಗಿದ್ದರೆ, ಬೀಳುವ ಕಾಲ ಹತ್ತಿರವಿದ್ದರೆ, ಮೂಳೆಯೇ ಕೆಟ್ಟಿದ್ದರೆ ಕೀಳುವುದೇ ಸರಿ. ಚಿಕ್ಕ ವಯಸ್ಸಿನಲ್ಲೇ ಕಿತ್ತರೆ ಜಾಗ ಕಾಯಲು ಒಂದು ತಂತಿಯ ಬಳೆ ಹಾಕುತ್ತಾರೆ.

ನಮ್ಮ ಹುಡುಗಿಯ ಹಲ್ಲಿಗೆ ಬೆಳ್ಳಿಯಂತೆ ಹೊಳೆಯುವ ಸ್ಟೀಲ್ ಕ್ಯಾಪ್ ಬಂತು. ಕಷ್ಟವಾಗಿದ್ದು ಮನೆಗೆ ಬಂದ ಮೇಲೆ. ತುಟಿ ಇನ್ನೂ ಮರಗಟ್ಟಿತ್ತು, ಟಿವಿ ನೋಡುತ್ತಾ ಅದನ್ನೇ ಅಗಿದುಕೊಂಡಳು. ಎರಡು ದಿನ ತುಟಿ ಇಡ್ಲಿಯಂತಾಗಿತ್ತು. ಡಾಕ್ಟರು ಮೊದಲೇ ಎಚ್ಚರಿಸಿದ್ದರು, ನಾವು ಮರೆತಿದ್ದೆವು.

ಹೋದ ವರ್ಷ ಕೋಡುಬಳೆ ಕಡಿಯುವಾಗ ಆ ಹಲ್ಲು ಕ್ಯಾಪ್ ಸಮೇತ ಕೈಗೆ ಬಂತು. ತಿರುಗಿಸಿ ನೋಡಿದೆ. ಬೇರು ಎರಡೂ ಇಲ್ಲ. ಅಂಚು ಇಲಿ ಕಡಿದ ಹಾಗೆ ತರಿತರಿ, ನಡುವೆ ಸಿಮೆಂಟಿನ ಚೂರು. ಒಸಡಿನಲ್ಲಿ ಹೊಸ ಹಲ್ಲಿನ ತುದಿ ಆಗಲೇ ಬೆಳ್ಳಗೆ ಕಾಣುತ್ತಿತ್ತು. ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೀರಿ ಅಂದರು ಅಮ್ಮ. ಮೂರನೇ ಮಹಡಿಯ ಮನೆ, ಹೆಂಚೆಲ್ಲಿ ಬರಬೇಕು? ಅಷ್ಟು ದುಡ್ಡು ಸುರಿದ ಹಲ್ಲು ಅಂತ ತಂಗಿ ಡಬ್ಬಿಯಲ್ಲಿ ಹಾಕಿ ಎತ್ತಿಟ್ಟಳು.